ಅಟ್ಟದಲ್ಲಿ ಸಿಕ್ಕ ವಿಡಿಯೋ ಗೇಮ್: ಮೂರು ವಾರದ ರಿಪೇರಿ ಲೆಕ್ಕ

ಸೆಪ್ಟೆಂಬರ್ 14, ಭಾನುವಾರ

ಆಯುಧ ಪೂಜೆಗೆ ಮುಂಚೆ ಅಟ್ಟ ಗುಡಿಸುವುದು ನಮ್ಮನೆಯಲ್ಲಿ ಪ್ರತಿ ವರ್ಷದ ಕೆಲಸ. ಮೈಸೂರಿನ ಸರಸ್ವತಿಪುರಂನ ಹಳೇ ಮನೆ, ಅಟ್ಟದ ತುಂಬಾ ಸಾಮಾನು. ದಸರಾ ಬೊಂಬೆಗಳ ಪೆಟ್ಟಿಗೆ ಇಳಿಸುವಾಗ ಅದರ ಹಿಂದೆ ಅಮ್ಮನ ಹಳೇ ಸೀರೆಯಲ್ಲಿ ಸುತ್ತಿದ್ದ ಗಂಟೊಂದು ಕಂಡಿತು. ಬಿಚ್ಚಿದರೆ ನಮ್ಮ ವಿಡಿಯೋ ಗೇಮ್!

ಇದು 1996ರಲ್ಲಿ ದೊಡ್ಡಪ್ಪ ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರ ಕೊಂಡು ತಂದದ್ದು. ಆಗ ದೊಡ್ಡಪ್ಪನ ಮಗ, ನಮ್ಮಣ್ಣ, ಹೈಸ್ಕೂಲಿನಲ್ಲಿದ್ದ. ಬೇಸಿಗೆ ರಜೆ ಪೂರ್ತಿ ಅವನ ಜೊತೆ ಆಡಿದ್ದೇ ಆಡಿದ್ದು. ಆಮೇಲೆ ಯಾವಾಗಲೋ ಅದು ನಮ್ಮನೆ ಅಟ್ಟ ಸೇರಿತ್ತು.

ಗಂಟಿನಲ್ಲಿ ಇದ್ದದ್ದು: ಗೇಮ್ ಡಬ್ಬ, ಎರಡು ರಿಮೋಟ್, ಒಂದು ಗನ್, ಮೂರು ಕ್ಯಾಸೆಟ್. ಒಂದು ಕ್ಯಾಸೆಟ್‌ನಲ್ಲಿ ಕಾಂಟ್ರಾ, ಇನ್ನೊಂದರಲ್ಲಿ ಮಾರಿಯೋ ಮತ್ತು ಡಕ್ ಹಂಟ್. ಮೂರನೆಯದರ ಮೇಲೆ ‘9999999 ಇನ್ 1’ ಎಂದಿದೆ, ಒಳಗಿರುವುದು ಆರೇಳು ಆಟ ಅಷ್ಟೇ, ಅವೇ ಬೇರೆ ಬೇರೆ ಹೆಸರಲ್ಲಿ ತಿರುತಿರುಗಿ ಬರುತ್ತವೆ. ಅಡಾಪ್ಟರ್ ಮಾತ್ರ ಇರಲಿಲ್ಲ. ಮುಂದಿನ ಅರ್ಧ ತೊಂದರೆ ಶುರುವಾದದ್ದು ಅಲ್ಲಿಂದಲೇ.

ಡಬ್ಬದ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಜಪಾನಿನ ನಿಂಟೆಂಡೊ 1983ರ ಜುಲೈನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು ಇದು. ಆ ಕಾಲದಲ್ಲಿ ನಮ್ಮ ಕಡೆ ಮನೆಗಳಲ್ಲಿ ಇದ್ದದ್ದೆಲ್ಲ ಹೆಚ್ಚುಕಡಿಮೆ ಇಂಥವೇ. ಕ್ಯಾಸೆಟ್ ಕೂರುವ ಜಾಗದಲ್ಲಿ 60 ಕಾಲು (ಪಿನ್) ಇದ್ದರೆ ಅದು ಫ್ಯಾಮಿಕಾಮ್ ಜಾತಿ. ನಿಂಟೆಂಡೊ ಅಮೆರಿಕದಲ್ಲಿ ಮಾರಿದ ಎನ್ಇಎಸ್‌ಗೆ 72.

ಆರು ಸ್ಕ್ರೂ ಬಿಚ್ಚಿದೆ. ಆರನೆಯದು ಸ್ಟಿಕ್ಕರ್ ಅಡಿಯಲ್ಲಿ ಅಡಗಿತ್ತು, ಎಳೆದಾಡಿ ಪ್ಲಾಸ್ಟಿಕ್ ಮೂಲೆ ಒಂಚೂರು ಮುರಿಯಿತು. ಒಳಗೆ ಧೂಳು, ಒಂದೆರಡು ಜಿರಳೆ ಮೊಟ್ಟೆ. ಬೋರ್ಡ್ ನಡುವೆ ಐದು ರೂಪಾಯಿ ನಾಣ್ಯದಷ್ಟು ದೊಡ್ಡ ಕಪ್ಪು ಗುಳ್ಳೆ. ಅಸಲಿ ಫ್ಯಾಮಿಕಾಮ್‌ನಲ್ಲಿ ಲೆಕ್ಕ ಮಾಡುವ ಚಿಪ್ ಬೇರೆ, ಚಿತ್ರ ಬರೆಯುವ ಚಿಪ್ ಬೇರೆ. ಇದರಲ್ಲಿ ಎರಡೂ ಆ ಗುಳ್ಳೆಯ ಕೆಳಗೆ ಒಂದೇ ಚಿಪ್‌ನಲ್ಲಿವೆ. ಅದು ಹೋಗಿದ್ದರೆ ಕಥೆ ಮುಗಿದ ಹಾಗೆ. ಉಳಿದದ್ದೆಲ್ಲ ಅಂಗಡಿಯಲ್ಲಿ ಸಿಗುವ ಸಾಮಾನು. ಬ್ರಶ್‌ನಲ್ಲಿ ಧೂಳು ತೆಗೆದು ಆವತ್ತಿಗೆ ನಿಲ್ಲಿಸಿದೆ.

ಸೆಪ್ಟೆಂಬರ್ 15 ಮತ್ತು 16: ದೊಡ್ಡ ತಪ್ಪು

ಈ ಭಾಗವನ್ನು ಬಿಡಿಸಿ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಇಷ್ಟನ್ನು ಓದಿಕೊಂಡ ಮೇಲೆಯೇ ಪ್ಲಗ್ ಹಾಕಿ.

ಮನೆಯಲ್ಲಿ ಹಳೇ ರೂಟರ್‌ನ 12 ವೋಲ್ಟ್ ಅಡಾಪ್ಟರ್ ಇತ್ತು. ಪಿನ್ ಸರಿಯಾಗಿ ಕೂತಿತು. ಸ್ವಿಚ್ ಹಾಕಿದೆ. ಕೆಂಪು ದೀಪ ಹತ್ತಲಿಲ್ಲ.

ಮಲ್ಟಿಮೀಟರ್ ತೆಗೆದೆ. ಕಪ್ಪು ಕಡ್ಡಿ ಗ್ರೌಂಡ್‌ಗೆ, ಅಂದರೆ ಬೋರ್ಡಿನ ಮೈನಸ್‌ಗೆ, ಕೆಂಪು ಕಡ್ಡಿ ಒಳಗೆ ಬರುವ ತಂತಿಗೆ. 11.8 ತೋರಿಸಿತು. ಕರೆಂಟ್ ಬರ್ತಿದೆ ಅಂದುಕೊಂಡೆ. ಅದರ ಮುಂದೆ ಒಂದು 1ಎನ್4007 ಡಯೋಡ್ ಇದೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಡಯೋಡ್ ಆಚೆ ಸೊನ್ನೆ. ಈಚೆ 12, ಆಚೆ ಸೊನ್ನೆ, ಅಂದರೆ ಡಯೋಡ್ ಹೋಗಿದೆ ಎಂದು ತೀರ್ಮಾನ ಮಾಡಿದೆ.

ಮರುದಿನ ರಾತ್ರಿ, ಹೊಸ ಡಯೋಡ್ ತರುವಷ್ಟರಲ್ಲಿ ನೋಡೇಬಿಡೋಣ ಎಂದು, ಅದರ ಎರಡು ತುದಿಗೂ ಸೇರಿಸಿ ಒಂದು ತಂತಿ ಬೆಸುಗೆ ಹಾಕಿದೆ. ಸ್ವಿಚ್ ಹಾಕಿದೆ. ನಾಲ್ಕೈದು ಸೆಕೆಂಡ್ ಆಗಿರಬಹುದು, ಮೀನಿನ ವಾಸನೆಯಂಥ ಒಂದು ವಾಸನೆ ಬಂತು. ಪ್ಲಗ್ ಕಿತ್ತೆ. ದೊಡ್ಡ ಕೆಪಾಸಿಟರ್‌ನ ತಲೆ ಉಬ್ಬಿತ್ತು. ಪಕ್ಕದ 7805 (ಒಳಗೆ ಬಂದದ್ದನ್ನು 5 ವೋಲ್ಟ್‌ಗೆ ಇಳಿಸುವ ಮೂರು ಕಾಲಿನ ಚಿಪ್) ಮುಟ್ಟಿದರೆ ಬೆರಳು ಚುರ್ ಅಂತು.

ಆಮೇಲೆ ಮತ್ತೆ ಮೀಟರ್ ಹಿಡಿದು ನೋಡಿದೆ. 11.8ರ ಎಡಗಡೆ, ಪರದೆಯ ಅಂಚಿನಲ್ಲಿ, ಒಂದು ಸಣ್ಣ ಗೀಟು. ಮೈನಸ್. ಮೊದಲ ದಿನವೂ ಅದು ಅಲ್ಲೇ ಇತ್ತು, ನಾನು ಅಂಕಿ ಮಾತ್ರ ಓದಿದ್ದೆ.

ಆದದ್ದು ಇಷ್ಟು. ಈಗಿನ ರೂಟರ್ ಅಡಾಪ್ಟರ್‌ಗಳ ಪಿನ್‌ನಲ್ಲಿ ಒಳಗಡೆ ಪ್ಲಸ್, ಹೊರಗಡೆ ಮೈನಸ್. ಫ್ಯಾಮಿಕಾಮ್‌ನಲ್ಲಿ ಅದು ಉಲ್ಟಾ: ಒಳಗಡೆ ಮೈನಸ್. ನಮ್ಮ ಡಬ್ಬವೂ ಹಾಗೆಯೇ. ಆ ಡಯೋಡ್ ಕೆಟ್ಟಿರಲಿಲ್ಲ. ಉಲ್ಟಾ ಬಂದ ಕರೆಂಟನ್ನು ಬಾಗಿಲಲ್ಲೇ ತಡೆದು ನಿಂತಿತ್ತು. 29 ವರ್ಷದ ಹಳೇ ಡಯೋಡ್ ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು, ಅದರ ತಲೆ ಮೇಲೆ ತಂತಿ ಎಳೆದವನು ನಾನು.

ಪ್ಲಗ್ ಹಾಕುವ ಮೊದಲು ಮಾಡಬೇಕಾದ ಕೆಲಸ ಒಂದೇ. ಮೀಟರ್ ಅನ್ನು ಬೀಪ್‌ಗೆ ಇಡಿ, ಎರಡು ಕಡ್ಡಿಗಳ ನಡುವೆ ದಾರಿ ಕೂಡಿದ್ದರೆ ಅದು ಸದ್ದು ಮಾಡುತ್ತದೆ. 7805ರ ನಡುವಿನ ಕಾಲು ಯಾವಾಗಲೂ ಗ್ರೌಂಡ್. ಒಂದು ಕಡ್ಡಿ ಅದಕ್ಕೆ, ಇನ್ನೊಂದು ಜ್ಯಾಕ್‌ನ ಒಳಗಿನ ಪಿನ್‌ಗೆ. ಬೀಪ್ ಬಂದರೆ ಒಳಗಡೆ ಮೈನಸ್. ಬಾರದಿದ್ದರೆ ಹೊರ ಸುತ್ತಿಗೆ ಇಟ್ಟು ನೋಡಿ. ಅರ್ಧ ನಿಮಿಷದ ಕೆಲಸ.

ಸೆಪ್ಟೆಂಬರ್ 18, ಗುರುವಾರ

ಆಫೀಸ್ ಬಿಟ್ಟು ಶಿವರಾಂಪೇಟೆ ಕಡೆ ಹೋಗಿ ಬಿಡಿಭಾಗದ ಅಂಗಡಿಯೊಂದರಲ್ಲಿ ಬೋರ್ಡ್ ತೋರಿಸಿದೆ. ಅಂಗಡಿಯ ಯಜಮಾನರು ಕನ್ನಡಕ ಏರಿಸಿ ನೋಡಿ, “ಈ ಗುಳ್ಳೆ ಮುಟ್ಟಬೇಡಿ ಸಾರ್. ಮಿಕ್ಕಿದ್ದಕ್ಕೆಲ್ಲ ನಾನು ಸಾಮಾನು ಕೊಡ್ತೀನಿ” ಎಂದರು. 7805 ಎರಡು ತಗೊಳ್ಳಿ, ಒಂದು ಕೈಯಲ್ಲಿರಲಿ ಎಂದದ್ದೂ ಅವರೇ.

ತಂದದ್ದು: 7805 ಎರಡು, 30 ರೂಪಾಯಿ. 1000 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್, 12. ಸೋಲ್ಡರ್ ಹೀರುವ ತಾಮ್ರದ ಜಡೆ, 60. ಹೀಟ್‌ಸಿಂಕ್ ಪೇಸ್ಟ್, 30. 9 ವೋಲ್ಟ್ 1 ಆಂಪಿಯರ್ ಅಡಾಪ್ಟರ್, 180. ಐಸೊಪ್ರೊಪೈಲ್ ಆಲ್ಕೋಹಾಲ್ 100 ಎಂಎಲ್, 120.

ಮೊದಲಿದ್ದ ಕೆಪಾಸಿಟರ್ 16 ವೋಲ್ಟಿನದು. 25ರದ್ದು ಸ್ವಲ್ಪ ದಪ್ಪ, ಆದರೂ ಜಾಗ ಸಾಕಾಯಿತು. ಅಡಾಪ್ಟರ್ 12ರ ಬದಲು 9 ತಂದದ್ದಕ್ಕೆ ಕಾರಣ ಶಾಖ. 7805 ಕೊಡುವುದು 5 ವೋಲ್ಟ್, ಮಿಕ್ಕಿದ್ದನ್ನೆಲ್ಲ ಬಿಸಿ ಮಾಡಿಯೇ ಕಳೆಯುತ್ತದೆ. 12 ಕೊಟ್ಟರೆ 7 ವೋಲ್ಟ್ ಸುಮ್ನೆ ಸುಡಬೇಕು, 9 ಕೊಟ್ಟರೆ 4. 7ಕ್ಕಿಂತ ಕಡಿಮೆ ಕೊಟ್ಟರೆ 5 ವೋಲ್ಟ್ ನೆಟ್ಟಗೆ ನಿಲ್ಲುವುದಿಲ್ಲ.

ಹೊಸ ಅಡಾಪ್ಟರ್ ಪಿನ್‌ನಲ್ಲೂ ಒಳಗಡೆ ಪ್ಲಸ್ಸೇ. ಪಿನ್‌ನಿಂದ ಒಂದು ಗೇಣು ಬಿಟ್ಟು ತಂತಿ ಕತ್ತರಿಸಿ, ಎರಡನ್ನೂ ಅದಲುಬದಲು ಮಾಡಿ ಬೆಸೆದು, ಹೀಟ್‌ಶ್ರಿಂಕ್ (ಕಾಯಿಸಿದರೆ ಬಿಗಿಯಾಗುವ ಕೊಳವೆ) ಹಾಕಿದೆ. ಇದನ್ನು ಯಾರಾದರೂ ರೂಟರ್‌ಗೆ ಚುಚ್ಚಿದರೆ ಇನ್ನೊಂದು ಅನಾಹುತ. ಅದಕ್ಕೆ ಬಿಳಿ ಟೇಪ್ ಸುತ್ತಿ ‘ಗೇಮ್‌ಗೆ ಮಾತ್ರ’ ಎಂದು ಬರೆದೆ.

ಡಯೋಡ್ ಮೇಲಿನ ತಂತಿ ಕಿತ್ತು, 7805 ಮತ್ತು ಕೆಪಾಸಿಟರ್ ಬದಲಿಸಿದೆ. ಹಳೇ 7805ರ ನಡುವಿನ ಕಾಲು ಬಿಡಲು ಸತಾಯಿಸಿತು, ಅದು ಅಗಲದ ತಾಮ್ರದ ಮೇಲೆ ಕೂತಿರುವುದರಿಂದ ಶಾಖ ಎಲ್ಲ ಹರಿದುಹೋಗುತ್ತದೆ. ನನ್ನ 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಲಲಿಲ್ಲ. ಕಾಲು ಮೂರನ್ನೂ ಮೇಲಿನಿಂದ ಕತ್ತರಿಸಿ, ಒಂದೊಂದಾಗಿ ಕಾಯಿಸಿ ತೆಗೆದೆ. ಮೊದಲೇ ಹಾಗೆ ಮಾಡಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು.

ಸ್ವಿಚ್ ಹಾಕಿದೆ. ಔಟ್‌ಪುಟ್ 5.02. ಈ ಸಲ ಗೀಟು ಇದೆಯಾ ಎಂದು ಎರಡು ಸಲ ನೋಡಿದೆ. ಕೆಂಪು ದೀಪ ಹತ್ತಿತು. ಅಮ್ಮ ಅಡುಗೆ ಮನೆಯಿಂದ, “ಏನೋ ಅದು, ಮತ್ತೆ ವಾಸನೆ ಬರುತ್ತಾ?” ಎಂದು ಕೇಳಿದರು. ಬರಲಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಟಿವಿಗೆ ಸೇರಿಸುವ ಕೆಲಸ. ಆರ್‌ಎಫ್ ತಂತಿಯ (ಟಿವಿಯ ಆಂಟೆನಾ ತೂತಿಗೆ ಹಾಕುವುದು) ಗೊಡವೆಗೆ ಹೋಗಲಿಲ್ಲ. ಡಬ್ಬದ ಪಕ್ಕದಲ್ಲಿ ಎವಿ ಜ್ಯಾಕ್ ಇವೆ, ಹಳದಿ ಚಿತ್ರಕ್ಕೆ, ಬಿಳಿ ಸದ್ದಿಗೆ. ನಮ್ಮ ಎಲ್‌ಇಡಿ ಟಿವಿಗೆ ಎವಿ ಬರುವುದು ಇಯರ್‌ಫೋನ್‌ನಂಥ ಸಣ್ಣ ತೂತಿನಲ್ಲಿ. ಅದಕ್ಕೆ ಒಂದು ಕೇಬಲ್ ತಂದೆ, 90 ರೂಪಾಯಿ. ಹಳದಿಗೆ ಹಳದಿ ಸೇರಿಸಿದರೆ ಚಿತ್ರ ಇಲ್ಲ, ಸ್ಪೀಕರ್‌ನಲ್ಲಿ ಬರೀ ಗುಂಯ್ ಸದ್ದು. ಈ ಕೇಬಲ್‌ಗಳಲ್ಲಿ ಒಳಗಿನ ಜೋಡಣೆ ಒಂದೊಂದು ಥರ ಇರುತ್ತದೆ. ಹಳದಿಯನ್ನು ಕೇಬಲ್‌ನ ಕೆಂಪು ತುದಿಗೆ ಹಾಕಿದೆ, ಟಿವಿ ಪರದೆ ಬೂದು ಬಣ್ಣಕ್ಕೆ ತಿರುಗಿತು. ಬೂದು ಬಂದರೆ ಸಂತೋಷಪಡಿ. ಗುಳ್ಳೆಯ ಕೆಳಗಿನ ಚಿಪ್ ಬದುಕಿದೆ ಎಂದು ಅರ್ಥ.

ಮಾರಿಯೋ ಕ್ಯಾಸೆಟ್ ಹಾಕಿದೆ. ಬೂದು. ತೆಗೆದು ಹಾಕಿದೆ. ಚಿತ್ರ ಬಂತು, ಆದರೆ ಅಕ್ಷರ ಎಲ್ಲ ಚೂರುಚೂರು. ಮಾರಿಯೋನ ತಲೆ ಇರಬೇಕಾದಲ್ಲಿ ಇಟ್ಟಿಗೆ ತುಂಡು. ಆದರೂ ಬಟನ್ ಒತ್ತಿದರೆ ಆಟ ನಡೆಯುತ್ತಿದೆ.

ಈ ಗುರುತು ತುಂಬಾ ಉಪಯೋಗಕ್ಕೆ ಬಂತು. ಕ್ಯಾಸೆಟ್‌ನ ಹೆಚ್ಚುಕಡಿಮೆ ಅರ್ಧ ಕಾಲುಗಳು (ಅಂಚಿನ ತಾಮ್ರದ ಗೀಟುಗಳು) ಆಟ ನಡೆಸುವ ಕಡೆಗೆ ಹೋಗುತ್ತವೆ, ಇನ್ನರ್ಧ ಚಿತ್ರದ ಕಡೆಗೆ. ಪರದೆ ಬೂದು ಬಣ್ಣದಲ್ಲೇ ನಿಂತರೆ ಮೊದಲ ಅರ್ಧದಲ್ಲಿ ಕೊಳೆ. ಆಟ ಓಡುತ್ತಾ ಚಿತ್ರ ಮಾತ್ರ ಕಲಸಿಹೋದರೆ ಎರಡನೇ ಅರ್ಧದಲ್ಲಿ ಕೊಳೆ. ಯಾವ ಕಡೆ ಉಜ್ಜಬೇಕು ಎಂದು ಟಿವಿಯೇ ಹೇಳಿಬಿಡುತ್ತದೆ.

ಚಿಕ್ಕಂದಿನಲ್ಲಿ ನಾವೆಲ್ಲ ಕ್ಯಾಸೆಟ್‌ಗೆ ಉಫ್ ಎಂದು ಊದಿ ಹಾಕುತ್ತಿದ್ದೆವು, ಅಲ್ವಾ? ಅದು ಬೇಡ. ಉಸಿರಿನ ತೇವ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ಆಗ ಕೆಲಸ ಮಾಡಿದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು.

ಬಿಳಿ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ, ಇಯರ್‌ಬಡ್ ಅನ್ನು ಆಲ್ಕೋಹಾಲ್‌ನಲ್ಲಿ ಅದ್ದಿ ಒರೆಸಿದೆ. ಮೊದಲ ಬಡ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂತು. ಆರನೆಯದು ಬಿಳಿಯಾಗಿಯೇ ಉಳಿಯಿತು. ಮಾರಿಯೋ ಸರಿಹೋಯಿತು.

ಕಾಂಟ್ರಾ ಕ್ಯಾಸೆಟ್ ಮಾತ್ರ ಬಗ್ಗಲಿಲ್ಲ. ಅದರ ಮೇಲೆ ಹಸಿರು ಕಿಲುಬು ಇತ್ತು. ನಾನು ಉಪ್ಪುಕಾಗದ ತಗೊಂಡು ಉಜ್ಜಿದೆ. ಇದು ಎರಡನೇ ತಪ್ಪು. ಕಿಲುಬಿನ ಜೊತೆ ಮೇಲಿನ ಲೇಪವೂ ಹೋಯಿತು, ನಡುವಿನ ಎರಡು ಮೂರು ಗೀಟುಗಳಲ್ಲಿ ತಾಮ್ರವೇ ಸವೆದು ಕೆಳಗಿನ ಬೋರ್ಡ್ ಕಂಡಿತು. ರಬ್ಬರ್ ಮತ್ತು ಆಲ್ಕೋಹಾಲ್‌ನಲ್ಲೇ ಇನ್ನೊಂದು ಗಂಟೆ ಕೂತಿದ್ದರೆ ಆಗುತ್ತಿತ್ತು. ಉಪ್ಪುಕಾಗದ ಮುಟ್ಟಲೇಬೇಡಿ.

ಸೆಪ್ಟೆಂಬರ್ 23, ಮಂಗಳವಾರ: ಸದ್ದು ಎಲ್ಲಿ ಹೋಯಿತು

ಕಾಂಟ್ರಾ ಬಂತು. ಬಣ್ಣ ಚೆನ್ನಾಗಿದೆ. ಸದ್ದಿಲ್ಲ.

ಕೇಬಲ್ ಬದಲಿಸಿದೆ, ಇಲ್ಲ. ಬಿಳಿ ಜ್ಯಾಕ್‌ನಿಂದ ಬೋರ್ಡಿಗೆ ಬರುವ ತಂತಿ ಕಿತ್ತು ಹೊಸದು ಹಾಕಿದೆ, ಇಲ್ಲ. ಆಡಿಯೋ ದಾರಿಯ ಕೆಪಾಸಿಟರ್ ಕೀಳಲು ಐರನ್ ಹಿಡಿದಿದ್ದೆ. ಆಗ ಮಗಳು, “ಅಪ್ಪಾ, ನಿನ್ನೆ ಮಾರಿಯೋಗೆ ಸೌಂಡ್ ಬಂದಿತ್ತಲ್ವಾ?” ಎಂದಳು. ಹೌದು, ಬಂದಿತ್ತು. ಮಾರಿಯೋ ಹಾಕಿದೆ. ಸದ್ದು ಬಂತು. ಕಾಂಟ್ರಾ ಹಾಕಿದೆ. ಇಲ್ಲ.

ಡಬ್ಬ ಒಂದೇ, ಕ್ಯಾಸೆಟ್ ಬದಲಾದರೆ ಸದ್ದು ಹೋಗುತ್ತದೆ. ಇದು ಫ್ಯಾಮಿಕಾಮ್‌ನ ವಿಶೇಷ. ಇದರಲ್ಲಿ ಸದ್ದು ನೇರವಾಗಿ ಟಿವಿಗೆ ಹೋಗುವುದಿಲ್ಲ. 45ನೇ ಕಾಲಿನಲ್ಲಿ ಕ್ಯಾಸೆಟ್ ಒಳಗೆ ಹೋಗಿ, 46ನೇ ಕಾಲಿನಲ್ಲಿ ವಾಪಸ್ ಬಂದು, ಆಮೇಲೆ ಟಿವಿಗೆ. ಸಾಮಾನ್ಯ ಕ್ಯಾಸೆಟ್‌ನಲ್ಲಿ ಈ ಎರಡನ್ನೂ ಸುಮ್ನೆ ಒಂದಕ್ಕೊಂದು ಸೇರಿಸಿರುತ್ತಾರೆ. ಕ್ಯಾಸೆಟ್ ಒಳಗೇ ಇನ್ನೊಂದು ಸದ್ದಿನ ಚಿಪ್ ಇಟ್ಟು ಬೆರೆಸಲಿ ಎಂದು ಈ ದಾರಿ ಬಿಟ್ಟದ್ದು. ಕೊನಾಮಿ ಕಂಪನಿ 1989ರ ‘ಅಕುಮಾಜೊ ಡೆನ್ಸೆತ್ಸು’ ಆಟದಲ್ಲಿ ಹಾಗೆಯೇ ಮಾಡಿತ್ತು. ಎನ್ಇಎಸ್ ಕ್ಯಾಸೆಟ್‌ನಲ್ಲಿ ಈ ದಾರಿ ಇಲ್ಲ.

ಭಾನುವಾರ ನಾನು ಉಜ್ಜಿ ಸವೆಸಿದ್ದು ಸರಿಯಾಗಿ ಇದೇ ಎರಡು ಗೀಟುಗಳನ್ನು!

ಕ್ಯಾಸೆಟ್ ಒಳಗೆ ತಂತಿ ಹಾಕಿ ಪ್ರಯೋಜನವಿಲ್ಲ, ಮುಟ್ಟುವ ಜಾಗದಲ್ಲೇ ತಾಮ್ರ ಇಲ್ಲ. ಅದಕ್ಕೆ ಡಬ್ಬದ ಬೋರ್ಡ್ ತಿರುಗಿಸಿ, ಕ್ಯಾಸೆಟ್ ಸ್ಲಾಟ್‌ನ ಕೆಳಗೆ 45 ಮತ್ತು 46ನ್ನು ಒಂದು ತುಂಡು ತಂತಿಯಿಂದ ಸೇರಿಸಿದೆ. ಇವು ಒಂದು ಸಾಲಿನ 30 ಕಾಲುಗಳಲ್ಲಿ ನಟ್ಟ ನಡುವಿನ ಎರಡು. ಆದರೆ ಎರಡು ಸಾಲಿಗೂ ನಡು ಇದೆಯಲ್ಲ. ಎದುರು ಸಾಲಿನ ನಡುವಿನ ಎರಡರಲ್ಲಿ ಒಂದು ಗ್ರೌಂಡ್, ಅಲ್ಲಿ ಸೇರಿಸಿದರೆ ಆಟ ನಿಂತುಹೋಗಬಹುದು. ಮೀಟರ್ ಬೀಪ್‌ನಲ್ಲಿ 7805ರ ನಡುಗಾಲಿಗೂ ಈ ಕಾಲುಗಳಿಗೂ ನೋಡಿ. ಬೀಪ್ ಬಂದ ಸಾಲು ಬೇಡ, ಬಾರದ ಸಾಲು ಬೇಕು.

ಕಾಲುಗಳ ನಡುವೆ ಇರುವುದು 2.54 ಮಿಲಿಮೀಟರ್. ಬೆಸುಗೆ ಪಕ್ಕಕ್ಕೆ ಹರಿಯದ ಹಾಗೆ ಐರನ್ ತುದಿ ಒರೆಸಿ ಒಂದೇ ಸಲ ಮುಟ್ಟಿಸಿದೆ. ಕಾಂಟ್ರಾದ ಮೊದಲ ಟಿಂಗ್ ಟಿಂಗ್ ಕೇಳಿದಾಗ ನನ್ನ ಮೈ ಜುಮ್ ಎಂದಿತು. ಎಷ್ಟೋ ವರ್ಷ ಕೇಳದ ಸದ್ದು, ಆದರೂ ಮುಂದಿನ ಸ್ವರ ಯಾವುದು ಎಂದು ಕಿವಿಗೆ ಗೊತ್ತಿತ್ತು.

ಸೆಪ್ಟೆಂಬರ್ 27, ಶನಿವಾರ: ರಿಮೋಟ್

ಎರಡನೇ ರಿಮೋಟ್ ಪೂರ್ತಿ ಸತ್ತಿತ್ತು. ಮೊದಲನೆಯದರಲ್ಲಿ ಎ ಬಟನ್ ಇಲ್ಲ, ಅಂದರೆ ಮಾರಿಯೋ ಹಾರುವುದಿಲ್ಲ.

ರಿಮೋಟ್‌ಗೆ ಬರುವುದು ಐದು ತಂತಿ. ಬೀಪ್‌ನಲ್ಲಿ ಒಂದೊಂದಾಗಿ ನೋಡಿದರೆ ಎರಡನೆಯದರಲ್ಲಿ ಒಂದು ತಂತಿ ತುಂಡಾಗಿತ್ತು. ಹಳೇ ಮೌಸ್‌ನ ಕೇಬಲ್ ಹಾಕೋಣ ಎಂದು ಸಿಪ್ಪೆ ಸುಲಿದೆ, ಅದರಲ್ಲಿ ನಾಲ್ಕೇ ತಂತಿ. ಆಮೇಲೆ ಕೇಬಲ್ ಬಗ್ಗಿಸುತ್ತಾ ಬೀಪ್ ಕೇಳಿದೆ. ರಿಮೋಟ್ ಒಳಗೆ ಹೋಗುವ ಬಾಯಲ್ಲೇ ಮುರಿದಿತ್ತು. ಅಲ್ಲಿಂದ 4 ಸೆಂಟಿಮೀಟರ್ ಕತ್ತರಿಸಿ ತೆಗೆದು ಮತ್ತೆ ಬೆಸೆದೆ. ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ನಕಲು ಡಬ್ಬಗಳಲ್ಲಿ ತಂತಿ ಬಣ್ಣಕ್ಕೆ ಲೆಕ್ಕವಿಲ್ಲ. ನಮ್ಮ ಎರಡು ರಿಮೋಟ್‌ನಲ್ಲೇ ಬಣ್ಣ ಬೇರೆ ಬೇರೆ.

ಎ ಬಟನ್‌ಗೆ ರಬ್ಬರ್ ಕೆಳಗಿನ ಕಪ್ಪು ಬೊಟ್ಟು ಸವೆದಿತ್ತು. ಅಳೆದರೆ ಕರೆಂಟಿಗೆ ತಡೆ 40 ಕಿಲೋ ಓಮ್‌ಗಿಂತ ಜಾಸ್ತಿ. ಪೆನ್ಸಿಲ್ ಸೀಸ ಉಜ್ಜಿದೆ, ಒಂದು ಸಂಜೆ ಕೆಲಸ ಮಾಡಿತು, ಮರುದಿನ ಇಲ್ಲ. ಕೊನೆಗೆ ಕೆಟ್ಟ ಟಿವಿ ರಿಮೋಟ್‌ನ ರಬ್ಬರ್ ಹಾಳೆಯಿಂದ, ಯಾರೂ ಒತ್ತದ ಬಟನ್‌ನ ಬೊಟ್ಟನ್ನು ಬ್ಲೇಡಿನಲ್ಲಿ ಕತ್ತರಿಸಿ, ಸಿಲಿಕೋನ್ ಅಂಟಿನಲ್ಲಿ ಕೂರಿಸಿದೆ. ರಾತ್ರಿಯೆಲ್ಲ ಒಣಗಲು ಬಿಟ್ಟೆ. ಈಗ 150 ಓಮ್.

ಪರೀಕ್ಷೆಗೆ ಕಾಂಟ್ರಾ ಕೋಡ್‌ಗಿಂತ ಒಳ್ಳೆಯದು ಇಲ್ಲ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ, ಸ್ಟಾರ್ಟ್. ನಾಲ್ಕು ದಿಕ್ಕು, ಎರಡು ಬಟನ್, ಎಲ್ಲವೂ ಸರಿಯಿದ್ದರೆ ಮಾತ್ರ 30 ಲೈಫ್ ಸಿಗುತ್ತದೆ. ಇದನ್ನು ಮೊದಲು ಮಾಡಿದವರು ಕೊನಾಮಿಯ ಕಜುಹಿಸಾ ಹಾಶಿಮೊಟೊ. 1986ರಲ್ಲಿ ಗ್ರೇಡಿಯಸ್ ಆಟವನ್ನು ಫ್ಯಾಮಿಕಾಮ್‌ಗೆ ತರುವಾಗ, ಆಟ ಕಷ್ಟವಾಗಿ, ಪರೀಕ್ಷೆ ಮಾಡಲು ಸುಲಭವಾಗಲಿ ಎಂದು ಇಟ್ಟುಕೊಂಡದ್ದು. ಪರೀಕ್ಷೆಗೆ ಹುಟ್ಟಿದ್ದು ನನಗೂ ಪರೀಕ್ಷೆಗೇ ಒದಗಿತು. ಮಗಳು ಮೊದಲ ಸಲಕ್ಕೇ ಸರಿಯಾಗಿ ಒತ್ತಿದಳು.

ಅಕ್ಟೋಬರ್ 1, ಆಯುಧ ಪೂಜೆ

ಸ್ಕೂಟರ್ ಪಕ್ಕ ಸೋಲ್ಡರಿಂಗ್ ಐರನ್, ಮೀಟರ್, ಗೇಮ್ ಡಬ್ಬ ಮೂರನ್ನೂ ಇಟ್ಟೆವು. ಅಮ್ಮ ಡಬ್ಬಕ್ಕೂ ಕುಂಕುಮ ಇಟ್ಟರು. ಸ್ಲಾಟ್‌ಗೆ ಬೀಳದಿರಲಿ ಎಂದು ಕ್ಯಾಸೆಟ್ ಹಾಕಿಯೇ ಇಟ್ಟಿದ್ದೆ.

ಅಕ್ಟೋಬರ್ 5, ಭಾನುವಾರ: ಗನ್

ಗನ್ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಡಕ್ ಹಂಟ್ ಆಟದಲ್ಲಿ ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇರುವ ಕಡೆ ಬಿಳಿ ಚೌಕ ಬರುತ್ತದೆ. ಗನ್ ಆ ಬೆಳಕನ್ನು ನೋಡಬೇಕು. ಹಳೇ ಡಬ್ಬಾ ಟಿವಿಯ ಬೆಳಕು ಗೆರೆ ಗೆರೆಯಾಗಿ ಮಿಡಿಯುತ್ತದೆ, ಗನ್ನಿನ ಸರ್ಕ್ಯೂಟ್ ಹಿಡಿಯುವುದು ಆ ಮಿಡಿತವನ್ನೇ. ಎಲ್‌ಇಡಿ ಟಿವಿಯಲ್ಲಿ ಆ ಮಿಡಿತವೂ ಇಲ್ಲ, ಚಿತ್ರವೂ ಸ್ವಲ್ಪ ತಡವಾಗಿ ಬರುತ್ತದೆ.

ಮಂಡ್ಯದ ದೊಡ್ಡಪ್ಪನ ಮನೆಯಲ್ಲಿ 21 ಇಂಚಿನ ಡಬ್ಬಾ ಟಿವಿ ಇನ್ನೂ ಇದೆ. ಎಲ್ಲವನ್ನೂ ಬ್ಯಾಗಿಗೆ ಹಾಕಿಕೊಂಡು ಬೆಳಿಗ್ಗೆ ರೈಲು ಹತ್ತಿದೆ. ಅಣ್ಣ ಬಾಗಿಲಲ್ಲೇ ಬ್ಯಾಗ್ ಕಿತ್ತುಕೊಂಡ. “ಲೋ, ಇದು ಇನ್ನೂ ಐತೇನ್ಲಾ!”

ಗನ್ ಬಿಚ್ಚಿದರೆ ಲೆನ್ಸ್ ಮೇಲೆ ಮಂಜು ಹಿಡಿದ ಹಾಗೆ ಬೂಷ್ಟು. ಆಲ್ಕೋಹಾಲ್‌ನಲ್ಲಿ ಒರೆಸಿ, ಟ್ರಿಗರ್ ಸ್ಪ್ರಿಂಗ್ ಜಾರಿದ್ದನ್ನು ಇಕ್ಕಳದಲ್ಲಿ ಕೂರಿಸಿದೆ. ಮೊದಲ ಹತ್ತು ಏಟು ಒಂದೂ ಬೀಳಲಿಲ್ಲ, ಪ್ರತಿ ಸಲ ಆಟದೊಳಗಿನ ನಾಯಿ ಎದ್ದು ನಕ್ಕಿತು. “ಬ್ರೈಟ್‌ನೆಸ್ ಜಾಸ್ತಿ ಮಾಡ್ಲಾ, ಅವತ್ತೂ ಹಂಗೇ ಮಾಡ್ತಿದ್ವಿ” ಎಂದ ಅಣ್ಣ. ಅದು ನನಗೆ ಮರೆತೇಹೋಗಿತ್ತು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡನ್ನೂ ಪೂರ್ತಿ ಏರಿಸಿ, ಒಂದೂವರೆ ಮೀಟರ್ ದೂರದಿಂದ ಹೊಡೆದೆವು. ಬಾತುಕೋಳಿ ಬಿತ್ತು.

ಸಾಮಾನಿಗೆ ಒಟ್ಟು 522 ರೂಪಾಯಿ. ಉಳಿದಿರುವುದು ಮುರಿದ ಪ್ಲಾಸ್ಟಿಕ್ ಮೂಲೆ ಮತ್ತು ಒಂದೊಂದು ಸಲ ಅಂಟಿಕೊಳ್ಳುವ ರೀಸೆಟ್ ಬಟನ್. ಸಂಜೆ ರೈಲಿಗೆ ಡಬ್ಬ, ರಿಮೋಟ್, ಕ್ಯಾಸೆಟ್ ವಾಪಸ್ ತಂದೆ. ಗನ್ ಮಾತ್ರ ಮಂಡ್ಯದಲ್ಲಿ ಆ ಟಿವಿ ಮೇಲೆಯೇ ಇದೆ.